ಗಾಡಿಯ ಫ್ರಿಜ್ ‘ಬ್ಯಾಟರಿ ಕಡಿಮೆ’ ಎಂದಾಗ ಮೀಟರ್ ಎಲ್ಲಿ ಇಡಬೇಕು

ಮೋಟರ್‌ಹೋಮಿನ, ಅಂದರೆ ಒಳಗೇ ಉಳಿದುಕೊಂಡು ಪ್ರವಾಸ ಮಾಡುವ ಗಾಡಿಯ, ಫ್ರಿಜ್ ನಡುರಾತ್ರಿ ನಿಂತುಹೋಗಿರುತ್ತದೆ. ಪ್ಯಾನೆಲಿನಲ್ಲಿ ಬ್ಯಾಟರಿ ಕಡಿಮೆ ಎನ್ನುವ ದೀಪ ಮಿನುಗುತ್ತಿರುತ್ತದೆ. ಬ್ಯಾಟರಿಗೆ ಮೀಟರ್ ಹಿಡಿದರೆ 12.3 ವೋಲ್ಟ್! ಈ ಹಂತದಲ್ಲಿ ಬಹಳ ಜನ ಹೊಸ ಬ್ಯಾಟರಿ ತಂದು ಹಾಕುತ್ತಾರೆ. ಹೊಸದರ ವೋಲ್ಟೇಜ್ ತುಸು ಮೇಲಿರುವುದರಿಂದ ನಾಲ್ಕು ದಿನ ಎಲ್ಲವೂ ಸರಿಹೋಯಿತು ಅನ್ನಿಸುತ್ತದೆ, ಆಮೇಲೆ ಮತ್ತೆ ಅದೇ ದೀಪ. ಫ್ರಿಜ್ಜಿನ ಎಲೆಕ್ಟ್ರಾನಿಕ್ ಘಟಕಕ್ಕೆ ಬ್ಯಾಟರಿ ಕಾಣುವುದೇ ಇಲ್ಲ. ತನ್ನ ಎರಡು ಟರ್ಮಿನಲ್‌ಗಳ ನಡುವೆ ಎಷ್ಟು ವೋಲ್ಟ್ ಬಂದು ಮುಟ್ಟಿತು ಎಂಬುದಷ್ಟೇ ಅದಕ್ಕೆ ಗೊತ್ತು. ಬ್ಯಾಟರಿಯಿಂದ ಅಲ್ಲಿಯವರೆಗೆ ವೈರು, ಫ್ಯೂಸ್, ಸ್ವಿಚ್, ಲಗ್ (ವೈರಿನ ತುದಿಗೆ ಒತ್ತುವ ಲೋಹದ ಬಳೆ), ಚಾಸಿಯ, ಅಂದರೆ ಗಾಡಿಯ ಲೋಹದ ಚೌಕಟ್ಟಿನ, ಬೋಲ್ಟು ಅಂತ ಹತ್ತು ಕಡೆ ವೋಲ್ಟೇಜ್ ಸೋರಿಹೋಗಲು ಜಾಗವಿದೆ. ಆದ್ದರಿಂದ ಯಾವ ಗಾಡಿಗೆ ಕೈಹಾಕಿದರೂ ನಾನು ಮೊದಲು ಮಾಡುವ ಕೆಲಸ ಒಂದೇ: ಫ್ರಿಜ್ ಓಡುತ್ತಿರುವಾಗಲೇ ಎರಡೂ ತುದಿಯಲ್ಲಿ ಅಳೆಯುವುದು.

ಅಳೆಯುವ ಮೊದಲು ಫ್ರಿಜ್ ಯಾವ ಬಗೆಯದು ಎಂದು ಖಚಿತ ಮಾಡಿಕೊಳ್ಳಬೇಕು. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ನೇರವಾಗಿ ಬ್ಯಾಟರಿಯಿಂದ ಓಡುತ್ತದೆ. ಓಡುವಾಗ ಸುಮಾರು 4ರಿಂದ 5 ಆಂಪಿಯರ್ ಎಳೆಯುತ್ತದೆ, ತಂಪಾದ ಮೇಲೆ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಅಬ್ಸಾರ್ಪ್ಷನ್ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇರುವುದಿಲ್ಲ. ಗ್ಯಾಸ್ ಜ್ವಾಲೆಯಿಂದಲೋ ಹೀಟರಿನಿಂದಲೋ ಅಮೋನಿಯಾ ದ್ರಾವಣವನ್ನು ಕಾಯಿಸಿ ತಂಪು ಮಾಡುತ್ತದೆ. ಅದರಲ್ಲೂ ಗ್ಯಾಸ್ ಮತ್ತು ಮೇನ್ಸ್ (ಹೊರಗಿನ ಎಸಿ ವಿದ್ಯುತ್) ಎರಡರಲ್ಲಷ್ಟೇ ಓಡುವವು ಒಂದು ಬಗೆ, ಅವೆರಡರ ಜೊತೆಗೆ 12 ವೋಲ್ಟ್ ಹೀಟರೂ ಇರುವವು ಇನ್ನೊಂದು. ಇವಲ್ಲದೆ ಮನೆಯ ಫ್ರಿಜ್ಜನ್ನೇ ಇನ್ವರ್ಟರ್ ಮೂಲಕ ಓಡಿಸುವವರೂ ಇದ್ದಾರೆ. ಬ್ಯಾಟರಿ ಇಳಿದಾಗ ಒಂದೊಂದೂ ಬೇರೆ ಬೇರೆ ರೀತಿ ಕೈಕೊಡುತ್ತದೆ. ಇಲ್ಲಿ ಹೆಚ್ಚಿನ ಮಾತು ಕಂಪ್ರೆಸರ್ ಫ್ರಿಜ್ಜಿನದು, ದೂರು ಹೆಚ್ಚು ಬರುವುದು ಅದರ ಬಗ್ಗೆಯೇ.

ಗಾಡಿ ಫ್ರಿಜ್‌ಗಳಲ್ಲಿ ಬಹಳ ಕಡೆ ಕಾಣುವುದು ಸೆಕಾಪ್ ಕಂಪನಿಯ ಬಿಡಿ35, ಬಿಡಿ50 ಕಂಪ್ರೆಸರ್. ಇವು ಮೊದಲು ಡ್ಯಾನ್‌ಫಾಸ್ ಹೆಸರಿನಲ್ಲಿ ಬರುತ್ತಿದ್ದವು. ಇವುಗಳ ಸಾಮಾನ್ಯ ಘಟಕ 12 ವೋಲ್ಟ್ ವ್ಯವಸ್ಥೆಯಲ್ಲಿ ತನ್ನ ಟರ್ಮಿನಲ್ಲಿಗೆ 10.4 ವೋಲ್ಟಿಗಿಂತ ಕಡಿಮೆ ಬಂದರೆ ಕಂಪ್ರೆಸರನ್ನು ನಿಲ್ಲಿಸುತ್ತದೆ. 11.7 ವೋಲ್ಟಿಗೆ ಏರಿದ ಮೇಲಷ್ಟೇ ಮತ್ತೆ ಹೊರಡಿಸುತ್ತದೆ. ಈ ಎರಡು ಅಂಕಿ ನೆನಪಿನಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಘಟಕದ ಮೇಲೆ + ಮತ್ತು ಡಿ ಎಂದು ಗುರುತು ಹಾಕಿದ ಟರ್ಮಿನಲ್‌ಗಳ ನಡುವೆ 10 ಮಿಲಿಆಂಪಿಯರಿನ ಒಂದು ಎಲ್‌ಇಡಿ ಜೋಡಿಸಬಹುದು, ಕೆಲವು ಫ್ರಿಜ್‌ಗಳಲ್ಲಿ ಅದು ಜೋಡಿಸಿಯೇ ಬರುತ್ತದೆ. ದೋಷ ಇದ್ದಾಗ ನಾಲ್ಕು ಸೆಕೆಂಡಿಗೊಮ್ಮೆ ಅದು ಮಿನುಗುತ್ತದೆ. ಒಂದು ಮಿನುಗು ಅಂದರೆ ವೋಲ್ಟೇಜ್ ಕಡಿಮೆ. ಎರಡು ಅಂದರೆ ಫ್ಯಾನ್ ಹೆಚ್ಚು ಕರೆಂಟ್ ಎಳೆಯುತ್ತಿದೆ. ಮೂರು ಅಂದರೆ ಕಂಪ್ರೆಸರ್ ಹೊರಡಲಾರದೆ ತಡವರಿಸುತ್ತಿದೆ, ನಾಲ್ಕು ಅಂದರೆ ಕನಿಷ್ಠ ವೇಗ ಹಿಡಿಯುತ್ತಿಲ್ಲ, ಐದು ಅಂದರೆ ಎಲೆಕ್ಟ್ರಾನಿಕ್ ಘಟಕವೇ ವಿಪರೀತ ಬಿಸಿಯಾಗಿದೆ. ಒಂದು ಮಿನುಗು ಕಂಡರೆ ಈ ಬರಹದ ದಾರಿ ಹಿಡಿಯಬಹುದು. ಐದು ಕಂಡರೆ ಬ್ಯಾಟರಿಯನ್ನು ಬಿಟ್ಟು ಗಾಳಿಯಾಡುವ ಜಾಗವನ್ನು ನೋಡಬೇಕು.

ಮೀಟರ್ ಕೈಗೆತ್ತಿಕೊಳ್ಳುವ ಮೊದಲೇ ಒಂದು ಸುಳಿವು ಸಿಗುತ್ತದೆ. ಫ್ರಿಜ್ ನಿಂತು, ಒಂದೆರಡು ನಿಮಿಷದಲ್ಲಿ ತಾನಾಗಿಯೇ ಹೊರಟು, ಸ್ವಲ್ಪ ಓಡಿ ಮತ್ತೆ ನಿಲ್ಲುತ್ತಿದೆಯೇ? ಹಾಗಿದ್ದರೆ ಅನುಮಾನ ವೈರಿನ ಮೇಲೆ. ಕಂಪ್ರೆಸರ್ ನಿಂತೊಡನೆ ವೈರಿನಲ್ಲಿ ಕರೆಂಟ್ ಹರಿಯುವುದು ನಿಲ್ಲುತ್ತದೆ, ದಾರಿಯ ನಷ್ಟವೂ ಸೊನ್ನೆಯಾಗುತ್ತದೆ, ಬ್ಯಾಟರಿಯ ಪೂರ್ತಿ ವೋಲ್ಟೇಜ್ ಟರ್ಮಿನಲ್ಲಿಗೆ ಬರುತ್ತದೆ. 11.7 ದಾಟಿತು ಎಂದು ಘಟಕ ಮತ್ತೆ ಹೊರಡಿಸುತ್ತದೆ, ಹೊರಟ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಹಾಗಲ್ಲದೆ ಒಮ್ಮೆ ನಿಂತದ್ದು ಚಾರ್ಜರ್ ಹಾಕುವವರೆಗೆ ಅಥವಾ ಬೆಳಿಗ್ಗೆ ಬಿಸಿಲು ಬೀಳುವವರೆಗೆ ಏಳದಿದ್ದರೆ ಬ್ಯಾಟರಿ ನಿಜವಾಗಿಯೂ ಖಾಲಿಯಾಗಿದೆ. ಈ ಎರಡು ನಡತೆಗಳ ವ್ಯತ್ಯಾಸ ಗಮನಿಸದೆ ಭಾಗ ಬದಲಿಸಲು ಹೊರಟರೆ ದುಡ್ಡು ಸುಮ್ಮನೆ ಪೋಲಾಗುತ್ತದೆ.

ಮೊದಲ ಅಳತೆ ಬ್ಯಾಟರಿಯದು. ಚಾರ್ಜರ್, ಸೋಲಾರ್, ಎಲ್ಲ ಲೋಡು ತೆಗೆದು ಕೆಲವು ಗಂಟೆ ಬಿಟ್ಟ ಮೇಲೆ ಅಳೆಯಬೇಕು. ಈಗಷ್ಟೇ ಚಾರ್ಜ್ ಆದ ಬ್ಯಾಟರಿ ಮೇಲ್ಮೈ ಚಾರ್ಜಿನಿಂದಾಗಿ ಸುಳ್ಳು ಅಂಕಿ ತೋರಿಸುತ್ತದೆ. ಲೆಡ್ ಆಸಿಡ್ ಬ್ಯಾಟರಿ ವಿಶ್ರಾಂತಿಯಲ್ಲಿ 12.6ರಿಂದ 12.7 ಇದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಸುಮಾರು ಕಾಲು ಭಾಗ. ಅರ್ಧಕ್ಕಿಂತ ಕೆಳಗೆ ದಿನವೂ ಇಳಿಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಹಾಗಾಗಿ 100 ಆಂಪಿಯರ್ ಅವರ್ (ಒಂದು ಆಂಪಿಯರ್ ಕರೆಂಟನ್ನು 100 ಗಂಟೆ ಕೊಡುವಷ್ಟು ಸಾಮರ್ಥ್ಯ) ಎಂದು ಬರೆದ ಲೆಡ್ ಆಸಿಡ್ ಬ್ಯಾಟರಿಯಲ್ಲಿ ನಿಶ್ಚಿಂತೆಯಿಂದ ಬಳಸಬಹುದಾದ್ದು 50. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಈ ಲೆಕ್ಕ ಹೊಂದುವುದಿಲ್ಲ. ಅದು ಬಹುಪಾಲು ಸಮಯ 13 ವೋಲ್ಟಿನ ಆಸುಪಾಸಿನಲ್ಲೇ ನಿಂತು, ಕೊನೆಯಲ್ಲಿ ಒಮ್ಮೆಲೇ ಜಾರುತ್ತದೆ. ವೋಲ್ಟೇಜ್ ನೋಡಿ ಅದರಲ್ಲಿ ಎಷ್ಟು ಉಳಿದಿದೆ ಎಂದು ಹೇಳಲಾಗದು, ಕರೆಂಟ್ ಎಣಿಸುವ ಶಂಟ್ ಮೀಟರ್ ಬೇಕೇಬೇಕು.

ಎರಡನೆಯ ಅಳತೆಯೇ ಮುಖ್ಯ. ಥರ್ಮೋಸ್ಟಾಟನ್ನು ಅತಿ ತಂಪಿಗೆ ತಿರುಗಿಸಿ ಕಂಪ್ರೆಸರ್ ಓಡುವಂತೆ ಮಾಡಬೇಕು. ಐದು ನಿಮಿಷ ಓಡಲಿ. ಆಮೇಲೆ ಮೀಟರಿನ ಮೊನೆಗಳನ್ನು ಬ್ಯಾಟರಿಯ ಸೀಸದ ಕಂಬಗಳ ಮೇಲೆಯೇ ಒತ್ತಿ ಓದಬೇಕು. ಕ್ಲಾಂಪಿನ ಮೇಲೆ ಇಟ್ಟರೆ ಕಂಬಕ್ಕೂ ಕ್ಲಾಂಪಿಗೂ ನಡುವಿನ ತುಕ್ಕಿನ ನಷ್ಟ ಕಾಣುವುದಿಲ್ಲ. ತಕ್ಷಣ ಫ್ರಿಜ್ಜಿನ ಹಿಂದಕ್ಕೆ ಹೋಗಿ ಎಲೆಕ್ಟ್ರಾನಿಕ್ ಘಟಕದ + ಮತ್ತು − ಟರ್ಮಿನಲ್ಲಿನಲ್ಲಿ ಓದಬೇಕು. ಎರಡರ ಅಂತರ 12 ವೋಲ್ಟಿನ ನೂರಕ್ಕೆ ಮೂರರಷ್ಟು, ಅಂದರೆ 0.36 ವೋಲ್ಟಿನೊಳಗೆ ಇರಬೇಕು. ಅರ್ಧ ವೋಲ್ಟ್ ದಾಟಿದರೆ ವೈರಿಂಗಿನಲ್ಲಿ ದೋಷವಿದೆ ಎಂದು ಧೈರ್ಯವಾಗಿ ಹೇಳಬಹುದು.

ಒಂದು ಗಾಡಿಯ ಅಂಕಿಗಳನ್ನೇ ಇಡುತ್ತೇನೆ. ಬ್ಯಾಟರಿ 100 ಆಂಪಿಯರ್ ಅವರಿನ ಎಜಿಎಂ, ಅಂದರೆ ಮುಚ್ಚಿದ ಬಗೆಯ ಲೆಡ್ ಆಸಿಡ್. ಫ್ರಿಜ್‌ವರೆಗೆ ಒಂದು ಕಡೆಗೆ 6 ಮೀಟರ್ ದೂರ. ವೈರು 2.5 ಚದರ ಮಿಲಿಮೀಟರಿನದು. ಕಂಪ್ರೆಸರ್ 5 ಆಂಪಿಯರ್ ಎಳೆಯುವಾಗ ಬ್ಯಾಟರಿ ಕಂಬದಲ್ಲಿ 12.35, ಫ್ರಿಜ್ ಟರ್ಮಿನಲ್ಲಿನಲ್ಲಿ 11.20. ದಾರಿಯಲ್ಲಿ ಹೋದದ್ದು 1.15 ವೋಲ್ಟ್. ಇದರಲ್ಲಿ ತಾಮ್ರದ ಪಾಲೆಷ್ಟು? ಒಂದು ಚದರ ಮಿಲಿಮೀಟರ್ ದಪ್ಪದ ಒಂದು ಮೀಟರ್ ತಾಮ್ರಕ್ಕೆ 0.0175 ಓಮ್. ಹೋಗಿ ಬರುವ ದಾರಿ 12 ಮೀಟರ್. 0.0175 ಗುಣಿಸು 12, ಭಾಗಿಸು 2.5 ಅಂದರೆ 0.084 ಓಮ್. 5 ಆಂಪಿಯರಿಗೆ 0.42 ವೋಲ್ಟ್. ಉಳಿದ 0.73 ವೋಲ್ಟ್ ಜೋಡಣೆಗಳಲ್ಲಿ ಹೋಗುತ್ತಿದೆ ಎಂದಾಯಿತು.

ಅದು ಎಲ್ಲಿ ಹೋಗುತ್ತಿದೆ ಎಂದು ಹುಡುಕಲು ವೈರು ಕಿತ್ತು ಓಮ್ ಅಳೆಯುವುದರಿಂದ ಪ್ರಯೋಜನವಿಲ್ಲ. ಇಷ್ಟು ಸಣ್ಣ ರೋಧವನ್ನು ಸಾಮಾನ್ಯ ಮಲ್ಟಿಮೀಟರ್ ಸರಿಯಾಗಿ ಹೇಳಲಾರದು. ಒಂದೇ ಎಳೆ ಉಳಿದ ವೈರೂ ಓಮ್ ಅಳತೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಲೋಡ್ ಇರುವಾಗಲೇ ವೋಲ್ಟ್ ಅಳೆಯಬೇಕು. ಮೀಟರಿನ ಒಂದು ಮೊನೆ ಬ್ಯಾಟರಿಯ + ಕಂಬದಲ್ಲಿ, ಇನ್ನೊಂದು ಮೊನೆ ಫ್ರಿಜ್ಜಿನ + ಟರ್ಮಿನಲ್ಲಿನಲ್ಲಿ. ಇದಕ್ಕೆ ಆರೇಳು ಮೀಟರಿನ ಒಂದು ತೆಳು ವೈರಿಗೆ ಎರಡೂ ಕಡೆ ಮೊಸಳೆ ಕ್ಲಿಪ್ ಹಾಕಿ ಇಟ್ಟುಕೊಂಡರೆ ಸಾಕು. ಮೀಟರಿನೊಳಗೆ ಕರೆಂಟ್ ಹರಿಯುವುದು ಅತ್ಯಲ್ಪ, ಆದ್ದರಿಂದ ಈ ವೈರು ತೆಳುವಾದರೂ ಅಂಕಿ ಕೆಡುವುದಿಲ್ಲ. ಈ ಗಾಡಿಯಲ್ಲಿ + ಕಡೆ 0.68, − ಕಡೆ 0.47 ಬಂತು. ಕೂಡಿದರೆ ಅದೇ 1.15. ಕೂಡಿದ ಮೊತ್ತ ತಾಳೆಯಾಗದಿದ್ದರೆ ಎಲ್ಲೋ ಮೊನೆ ಸರಿಯಾಗಿ ಒತ್ತಿಲ್ಲ ಎಂದರ್ಥ.

+ ಕಡೆ ಒಂದೊಂದೇ ಜಾಗ ದಾಟುತ್ತಾ ಬಂದರೆ ಫ್ಯೂಸ್ ಹೋಲ್ಡರಿನ ಈ ಬದಿಯಿಂದ ಆ ಬದಿಗೆ 0.38 ವೋಲ್ಟ್. ಸುಮಾರು 2 ವ್ಯಾಟ್ ಬಿಸಿ ಆ ಪುಟ್ಟ ಪ್ಲಾಸ್ಟಿಕ್ ಗೂಡಿನೊಳಗೆ. ಬೆರಳಿಟ್ಟರೆ ಬಿಸಿ ತಾಗುತ್ತದೆ. ಬಿಚ್ಚಿ ನೋಡಿದರೆ ಪ್ಲಾಸ್ಟಿಕ್ ಕಂದಿದೆ, ಫ್ಯೂಸಿನ ಒಂದು ಕಾಲು ನೀಲಿಗಪ್ಪಾಗಿದೆ, ಅದನ್ನು ಕಚ್ಚಿ ಹಿಡಿಯಬೇಕಾದ ತಗಡು ಸಡಿಲಗೊಂಡು ಎರಡು ಬೆರಳಲ್ಲಿ ಎಳೆದರೆ ಫ್ಯೂಸ್ ಸರಾಗ ಕೈಗೆ ಬರುತ್ತದೆ. ಬಿಗಿ ಇರುವ ಹೋಲ್ಡರಿನಿಂದ ಫ್ಯೂಸ್ ಕೀಳಲು ಇಕ್ಕಳವೇ ಬೇಕು. ಫ್ಯೂಸ್ ಸುಟ್ಟಿಲ್ಲ, ಕಣ್ಣಿಗೆ ಚೆನ್ನಾಗಿದೆ, ಅದಕ್ಕೇ ಎಲ್ಲರೂ ಇದನ್ನು ದಾಟಿ ಮುಂದೆ ಹೋಗಿರುತ್ತಾರೆ. ಸಡಿಲ ತಗಡು ಬಿಸಿಯಾಗುತ್ತದೆ, ಬಿಸಿಯಾದ ತಗಡು ಸ್ಪ್ರಿಂಗ್ ಗುಣ ಕಳೆದುಕೊಂಡು ಇನ್ನಷ್ಟು ಸಡಿಲವಾಗುತ್ತದೆ. ಅದನ್ನು ಒತ್ತಿ ಸರಿಮಾಡುವ ಕೆಲಸ ನಿಲ್ಲುವುದಿಲ್ಲ, ಹೋಲ್ಡರನ್ನೇ ಬದಲಿಸಬೇಕು. − ಕಡೆ 0.24 ವೋಲ್ಟ್ ಚಾಸಿಯ ಅರ್ತ್ ಬೋಲ್ಟಿನಲ್ಲಿತ್ತು. ಲಗ್ಗಿನ ಅಡಿಯಲ್ಲಿ ಬಣ್ಣ ಕೆರೆದಿರಲಿಲ್ಲ, ಬೋಲ್ಟಿನ ಹುರಿಯ ಮೂಲಕವಷ್ಟೇ ಕರೆಂಟ್ ಹೋಗುತ್ತಿತ್ತು.

ಇಂಥ ವೈರಿಂಗಿನಲ್ಲಿ ರಾತ್ರಿ ಏನಾಗುತ್ತದೆ ನೋಡಿ. ಒಟ್ಟು ರೋಧ 0.23 ಓಮ್. ಬ್ಯಾಟರಿ ಇಳಿದಂತೆ ಅದೇ ಕೆಲಸಕ್ಕೆ ಕಂಪ್ರೆಸರ್ ಸ್ವಲ್ಪ ಹೆಚ್ಚೇ ಕರೆಂಟ್ ಎಳೆಯುತ್ತದೆ, 5.3 ಎಂದಿಟ್ಟುಕೊಳ್ಳೋಣ. ನಷ್ಟ 1.2 ವೋಲ್ಟ್. ಲೋಡಿನಲ್ಲಿ ಬ್ಯಾಟರಿ 11.6ಕ್ಕೆ ಬಂದೊಡನೆ ಫ್ರಿಜ್ಜಿಗೆ ಕಾಣುವುದು 10.4. ಬ್ಯಾಟರಿಯಲ್ಲಿ ಇನ್ನೂ ಚಾರ್ಜ್ ಇದ್ದರೂ ಫ್ರಿಜ್ ನಿಲ್ಲುತ್ತದೆ.

ದುರಸ್ತಿ ಹೀಗೆ: ಬ್ಯಾಟರಿಯಿಂದ ಫ್ರಿಜ್ಜಿಗೆ ಬೇರೆಯದೇ ಜೋಡಿ ವೈರು, ನಡುವೆ ದೀಪ, ಪಂಪಿನ ಸ್ವಿಚ್ ಬೋರ್ಡ್ ಏನೂ ಬೇಡ. ಮೈನಸ್ಸಿಗೂ ಚಾಸಿಯನ್ನು ನಂಬದೆ ಬ್ಯಾಟರಿವರೆಗೆ ವೈರನ್ನೇ ಎಳೆಯಬೇಕು. ಈ ಕಂಪ್ರೆಸರ್‌ಗಳಿಗೆ 12 ವೋಲ್ಟಿನಲ್ಲಿ ತಯಾರಕರು ಹೇಳುವ ಲೆಕ್ಕ ನೆನಪಿಡಲು ಸುಲಭ: 2.5 ಚದರ ಮಿಲಿಮೀಟರ್ ವೈರಿಗೆ ಹೆಚ್ಚೆಂದರೆ 2.5 ಮೀಟರ್ ದೂರ, 4ಕ್ಕೆ 4 ಮೀಟರ್, 6ಕ್ಕೆ 6 ಮೀಟರ್, 10ಕ್ಕೆ 10 ಮೀಟರ್. ಇಲ್ಲಿ ದೂರ 6 ಮೀಟರ್, ಹಾಗಾಗಿ 6 ಚದರ ಮಿಲಿಮೀಟರ್. ಫ್ಯೂಸ್ 15 ಆಂಪಿಯರಿನದು, ಅದನ್ನು ಬ್ಯಾಟರಿಯ + ಕಂಬದಿಂದ ಒಂದು ಗೇಣಿನೊಳಗೆ ಕೂರಿಸಬೇಕು. ದೂರ ಇಟ್ಟರೆ ಆ ನಡುವಿನ ವೈರು ಎಲ್ಲಾದರೂ ಲೋಹಕ್ಕೆ ತಾಗಿದಾಗ ಕಾಯುವವರಿಲ್ಲ. ಲಗ್ಗುಗಳನ್ನು ಸರಿಯಾದ ಕ್ರಿಂಪಿಂಗ್ ಟೂಲಿನಿಂದ ಒತ್ತಿ, ಎಳೆದು ನೋಡಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಬೇಕು. ಸಾಮಾನ್ಯ ಇಕ್ಕಳದಲ್ಲಿ ಜಜ್ಜಿದ ಲಗ್ ಗಾಡಿಯ ಅಲುಗಾಟಕ್ಕೆ ಬಹುದಿನ ತಡೆಯುವುದಿಲ್ಲ. ಕೆಲಸ ಶುರುಮಾಡುವಾಗ ಮೈನಸ್ ಕ್ಲಾಂಪ್ ಮೊದಲು ಬಿಚ್ಚಿ, ಮುಗಿದ ಮೇಲೆ ಕೊನೆಗೆ ಹಾಕುವುದು. ಕೈಯಲ್ಲಿ ಉಂಗುರ, ಲೋಹದ ವಾಚ್ ಪಟ್ಟಿ ಇರಕೂಡದು.

ಹೊಸ ವೈರಿಗೆ ಲೆಕ್ಕದ ನಷ್ಟ 0.175 ವೋಲ್ಟ್. ಅಳೆದಾಗ ಒಟ್ಟು 0.22 ಬಂತು, ಫ್ಯೂಸ್ ಮತ್ತು ಲಗ್ಗಿನ ಪಾಲು ಸೇರಿ. ಇದಕ್ಕಿಂತ ಒಳ್ಳೆಯ ಫಲಿತಾಂಶಕ್ಕೆ ಒದ್ದಾಡಬೇಕಾಗಿಲ್ಲ.

ಇಲ್ಲೊಂದು ಅಡ್ಡದಾರಿಯ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಈ ಘಟಕದಲ್ಲಿ ಸಿ ಮತ್ತು ಪಿ ಟರ್ಮಿನಲ್‌ಗಳ ನಡುವೆ ರೆಸಿಸ್ಟರ್ ಹಾಕಿ ನಿಲ್ಲುವ ವೋಲ್ಟೇಜನ್ನು ಬದಲಿಸಬಹುದು. ನೇರ ತಂತಿಯಿಂದ ಜೋಡಿಸಿಬಿಟ್ಟರೆ ಅದು 9.6ಕ್ಕೆ ಇಳಿಯುತ್ತದೆ. ದೀಪ ಮಿನುಗುವುದು ನಿಲ್ಲುತ್ತದೆ ನಿಜ, ಆದರೆ ಲೆಡ್ ಆಸಿಡ್ ಬ್ಯಾಟರಿಗೆ ಅದು ಮರಣಶಾಸನ. ದಪ್ಪ ವೈರಿಗೆ ಖರ್ಚಾಗುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಹಣ ಬ್ಯಾಟರಿಗೆ ಹೋಗುತ್ತದೆ.

ಎರಡೂ ತುದಿಯಲ್ಲಿ ಅಂತರ ಕಡಿಮೆ ಇದ್ದು, ಎರಡೂ ಕಡೆ ವೋಲ್ಟೇಜ್ ಒಟ್ಟಿಗೇ ಕುಸಿಯುತ್ತಿದ್ದರೆ ಆಗ ಬ್ಯಾಟರಿಯ ಸರದಿ. ವಿಶ್ರಾಂತಿಯಲ್ಲಿ 12.6 ತೋರಿಸಿ 5 ಆಂಪಿಯರ್ ಲೋಡಿಗೇ 11.5ಕ್ಕೆ ಬೀಳುವ ಬ್ಯಾಟರಿಯ ಪ್ಲೇಟುಗಳು ಸಲ್ಫೇಟ್ ಕಟ್ಟಿವೆ, ಇಲ್ಲವೇ ಒಂದು ಸೆಲ್ ಸತ್ತಿದೆ. ಮುಚ್ಚಳ ತೆಗೆಯುವಂಥ ಬ್ಯಾಟರಿಯಾದರೆ ಹೈಡ್ರೋಮೀಟರ್ ಹಿಡಿಯಬೇಕು. ತುಂಬಿದ ಸೆಲ್ಲಿನಲ್ಲಿ ಸಾಪೇಕ್ಷ ಸಾಂದ್ರತೆ 1.265ರ ಆಸುಪಾಸು. ಒಂದು ಸೆಲ್ ಉಳಿದವುಗಳಿಗಿಂತ 0.050ರಷ್ಟು ಕಡಿಮೆ ಇದ್ದರೆ ಆ ಬ್ಯಾಟರಿಯ ಮೇಲಿನ ಆಸೆ ಬಿಡಬೇಕು. ಪ್ಲೇಟಿಗಿಂತ ನೀರು ಕೆಳಗಿದ್ದರೆ ಪ್ಲೇಟ್ ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ, ಚಾರ್ಜ್ ಮಾಡಿದ ಮೇಲೆ ಉಳಿದದ್ದನ್ನು ತುಂಬುವುದು. ಮೊದಲೇ ಕುತ್ತಿಗೆವರೆಗೆ ತುಂಬಿದರೆ ಚಾರ್ಜಾಗುವಾಗ ಆಸಿಡ್ ಉಕ್ಕುತ್ತದೆ. ಮುಚ್ಚಿದ ಬ್ಯಾಟರಿಗೆ ಸಾಮರ್ಥ್ಯ ಪರೀಕ್ಷೆಯೇ ದಾರಿ: ಪೂರ್ತಿ ಚಾರ್ಜ್ ಮಾಡಿ, 60 ವ್ಯಾಟಿನ 12 ವೋಲ್ಟ್ ಬಲ್ಬ್ ಹಾಕಿ ಎಂಟು ಗಂಟೆ ಉರಿಸಿ, ಆಮೇಲೆ ಕೆಲವು ಗಂಟೆ ಸುಮ್ಮನೆ ಬಿಡಬೇಕು. 40 ಆಂಪಿಯರ್ ಅವರ್ ಖರ್ಚಾಗಿರುತ್ತದೆ. ಗಟ್ಟಿಮುಟ್ಟಾದ 100ರ ಬ್ಯಾಟರಿ ಆಗಲೂ 12.2ಕ್ಕಿಂತ ಮೇಲೆ ನಿಲ್ಲುತ್ತದೆ. 12.0ಕ್ಕೆ ಇಳಿದಿದ್ದರೆ ಅದರ ಸಾಮರ್ಥ್ಯ ಅರ್ಧದಷ್ಟೇ ಉಳಿದಿದೆ ಎಂದು ತಿಳಿಯಬಹುದು.

ಬ್ಯಾಟರಿ ಚೆನ್ನಾಗಿದೆ, ವೈರೂ ಸರಿ, ಆದರೂ ಬೆಳಗಾಗುವಷ್ಟರಲ್ಲಿ ಖಾಲಿ ಎಂದರೆ ಜಮಾ-ಖರ್ಚು ನೋಡಬೇಕು. 4.5 ಆಂಪಿಯರಿನ ಕಂಪ್ರೆಸರ್ ದಿನದ ನೂರಕ್ಕೆ 40 ಭಾಗ ಓಡಿದರೆ 24 ಗಂಟೆಗೆ ಸುಮಾರು 43 ಆಂಪಿಯರ್ ಅವರ್. ಅದೇ ಫ್ರಿಜ್ ನೂರಕ್ಕೆ 80 ಭಾಗ ಓಡಿದರೆ 86. ಹಿಂದಿನ ಜಾಲರಿಗೆ ಧೂಳು ಕಟ್ಟಿರುವುದು, ಕಂಡೆನ್ಸರ್ ಫ್ಯಾನ್ ನಿಂತಿರುವುದು, ಬಿಸಿ ಗಾಳಿ ಹೊರಹೋಗಲು ಮೇಲೆ ಕಿಂಡಿ ಇಲ್ಲದಿರುವುದು, ಬಾಗಿಲಿನ ರಬ್ಬರ್ ಬೀಡಿಂಗ್ ಕಚ್ಚದಿರುವುದು, ಇವೇ ಆ ಎರಡು ಪಟ್ಟಿಗೆ ಕಾರಣ. ಬೀಡಿಂಗಿನಲ್ಲಿ ಕಾಗದದ ಚೂರು ಸಿಕ್ಕಿಸಿ ಬಾಗಿಲು ಹಾಕಿ ಎಳೆದರೆ ಗೊತ್ತಾಗುತ್ತದೆ, ಸಲೀಸಾಗಿ ಬಂದರೆ ಅಲ್ಲಿ ಬಿಗಿ ಇಲ್ಲ. ಹೊರಡುವ ಹಿಂದಿನ ದಿನವೇ ಮೇನ್ಸಿನಲ್ಲಿ ಫ್ರಿಜ್ ಪೂರ್ತಿ ತಂಪು ಮಾಡಿ, ಒಳಗಿಡುವುದನ್ನೂ ತಣ್ಣಗಾಗಿಸಿಯೇ ಇಟ್ಟರೆ ಮೊದಲ ರಾತ್ರಿಯ ಹೊರೆ ಬಹಳ ಇಳಿಯುತ್ತದೆ. ಜೊತೆಗೆ ಉಳಿದ ಲೋಡುಗಳನ್ನೂ ಕ್ಲಾಂಪ್ ಮೀಟರಿನಲ್ಲಿ ಹಿಡಿದು ನೋಡಬೇಕು. ಡಿಸಿ ಅಳೆಯುವ ಕ್ಲಾಂಪ್ ಮೀಟರೇ ಬೇಕು, ಎಸಿ ಮಾತ್ರ ಅಳೆಯುವುದು ಇಲ್ಲಿ ಸೊನ್ನೆ ತೋರಿಸುತ್ತದೆ. ಕೊಠಡಿ ಬಿಸಿಮಾಡುವ ಗ್ಯಾಸ್ ಹೀಟರಿನ ಬ್ಲೋವರ್ ಒಂದೇ 7-8 ಆಂಪಿಯರ್ ಎಳೆಯಬಲ್ಲದು. ಏನೂ ಓಡಿಸದೆ ಆನ್ ಇಟ್ಟ ದೊಡ್ಡ ಇನ್ವರ್ಟರ್ ಗಂಟೆಗೆ ಒಂದೆರಡು ಆಂಪಿಯರ್ ಅವರ್ ತಿನ್ನುತ್ತದೆ. ಮನೆಯ ಫ್ರಿಜ್ಜನ್ನು ಇನ್ವರ್ಟರಿನಲ್ಲಿ ಓಡಿಸುವವರು ಈ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಜಮಾದ ಕಡೆ: 100 ವ್ಯಾಟಿನ ಸೋಲಾರ್ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ ನಷ್ಟ ಕಳೆದು ಸುಮಾರು 30 ಆಂಪಿಯರ್ ಅವರ್ ಕೊಡುತ್ತದೆ. ಫ್ರಿಜ್ ಒಂದಕ್ಕೇ 200 ವ್ಯಾಟ್ ಇಟ್ಟುಕೊಳ್ಳುವುದು ಕ್ಷೇಮ. ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ತುಂಬಬೇಕಾದರೆ ಚಾರ್ಜರ್ 14.4 ವೋಲ್ಟಿನ ಸುತ್ತಮುತ್ತ ಕೆಲವು ಗಂಟೆ ನಿಲ್ಲಬೇಕು. ಸದಾ 13.6ರಲ್ಲೇ ಇರುವ ಹಳೆಯ ಕನ್ವರ್ಟರ್ (ಮೇನ್ಸಿನಿಂದ 12 ವೋಲ್ಟ್ ಕೊಡುವ ಗಾಡಿಯ ಚಾರ್ಜರ್) ಒಂದು ರಾತ್ರಿಯಲ್ಲಿ ಅದನ್ನು ತುಂಬಲಾರದು. ಬೆಳಿಗ್ಗೆ ಹಸಿರು ದೀಪ ಕಂಡು ತುಂಬಿದೆ ಎಂದುಕೊಂಡು ಹೊರಟರೆ ಸಂಜೆಗೇ ಫ್ರಿಜ್ ನಿಲ್ಲುತ್ತದೆ. ಲಿಥಿಯಂ ಬ್ಯಾಟರಿಯವರು ಇನ್ನೊಂದು ಗಮನಿಸಬೇಕು: ಸೆಲ್ಲಿನ ಉಷ್ಣಾಂಶ 0 ಡಿಗ್ರಿಗಿಂತ ಕೆಳಗಿದ್ದರೆ ಅದನ್ನು ಚಾರ್ಜ್ ಮಾಡಬಾರದು, ಬಹಳಷ್ಟು ಬ್ಯಾಟರಿಗಳಲ್ಲಿ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡ್) ಅದನ್ನು ತಡೆಯುತ್ತದೆ. ಚಾರ್ಜರ್ ಕೆಟ್ಟಿದೆ ಎಂದು ಬಿಚ್ಚುವ ಮೊದಲು ಬ್ಯಾಟರಿ ಇಟ್ಟ ಪೆಟ್ಟಿಗೆಯ ಉಷ್ಣಾಂಶ ನೋಡುವುದು ಒಳ್ಳೆಯದು.

ಅಬ್ಸಾರ್ಪ್ಷನ್ ಫ್ರಿಜ್ಜಿನ ಕಥೆ ಸ್ವಲ್ಪ ಬೇರೆ. ಗ್ಯಾಸಿನಲ್ಲಿ ಓಡುತ್ತಿರುವಾಗ ಬ್ಯಾಟರಿ ಏಕೆ ಬೇಕು ಎಂದು ಕೇಳುವವರು ಬಹಳ. ಇಗ್ನೈಟರಿನ ಕಿಡಿ, ಗ್ಯಾಸ್ ವಾಲ್ವ್ ತೆರೆದು ಹಿಡಿಯುವ ಸೊಲೆನಾಯ್ಡ್, ಕಂಟ್ರೋಲ್ ಬೋರ್ಡ್ ಎಲ್ಲವೂ 12 ವೋಲ್ಟಿನವು. ಕರೆಂಟ್ ಕಡಿಮೆಯೇ, ಆದರೆ ವೋಲ್ಟೇಜ್ ಕುಸಿದರೆ ವಾಲ್ವ್ ಮುಚ್ಚಿಕೊಂಡು ಜ್ವಾಲೆ ಆರುತ್ತದೆ, ಪ್ಯಾನೆಲಿನಲ್ಲಿ ದೋಷದ ದೀಪ ಬರುತ್ತದೆ. ಅಳತೆಯನ್ನು ಬೋರ್ಡಿನ ಟರ್ಮಿನಲ್ಲಿನಲ್ಲೇ, ಕಿಡಿ ಹಾರುವ ಹೊತ್ತಿನಲ್ಲೇ ಮಾಡಬೇಕು. ಹಿಂದಿನ ಮುಚ್ಚಳ ತೆಗೆದು ಬೇರೇನಾದರೂ ಬಿಚ್ಚುವುದಿದ್ದರೆ ಮೊದಲು ಸಿಲಿಂಡರ್ ವಾಲ್ವ್ ಮುಚ್ಚಿ.

12 ವೋಲ್ಟ್ ಹೀಟರ್ ಇರುವ ಫ್ರಿಜ್ ಹೊಟ್ಟೆಬಾಕ. 170 ವ್ಯಾಟಿನ ಹೀಟರ್ ಅಂದರೆ ಹೆಚ್ಚುಕಡಿಮೆ 14 ಆಂಪಿಯರ್, ಅದೂ ಬಿಡುವಿಲ್ಲದೆ. ಎಂಜಿನ್ ನಿಲ್ಲಿಸಿ ಡಿಸಿಯಲ್ಲೇ ಬಿಟ್ಟರೆ 100ರ ಲೆಡ್ ಆಸಿಡ್ ಬ್ಯಾಟರಿ ಮೂರೂವರೆ ಗಂಟೆಯಲ್ಲಿ ಅರ್ಧವಾಗುತ್ತದೆ. ಈ ವಿಧಾನ ಇರುವುದು ಗಾಡಿ ಓಡುತ್ತಿರುವಾಗ ಇದ್ದ ತಂಪನ್ನು ಕಾಯಲಿಕ್ಕೆ, ನಿಂತಾಗ ಗ್ಯಾಸಿಗೆ ಬದಲಿಸಲೇಬೇಕು. ಎಂಜಿನ್ ನಿಂತಾಗ ತಾನಾಗಿ ಕಡಿಯುವ ರಿಲೇ ಇಲ್ಲದಿದ್ದರೆ ಹಾಕಿಸುವುದು ಲೇಸು. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: 12ರ ಬದಲು 10.8 ಮುಟ್ಟಿದರೆ ಸಿಗುವುದು ನೂರಕ್ಕೆ 81 ಭಾಗ ಮಾತ್ರ. ಎಳೆದೊಯ್ಯುವ ಕ್ಯಾರವಾನಿನಲ್ಲಿ ಟ್ರೇಲರ್ ಪ್ಲಗ್ಗಿನ ತೆಳು ವೈರಿನ ಮೂಲಕ ಈ ಹೀಟರನ್ನು ಓಡಿಸಲು ಹೊರಟರೆ ಸಂಜೆಯಷ್ಟೊತ್ತಿಗೆ ಫ್ರಿಜ್ ಬೆಚ್ಚಗಾಗಿರುತ್ತದೆ. ಅದಕ್ಕೆ ದಪ್ಪ ವೈರಿನ ಬೇರೆಯೇ ಸಾಲು ಬೇಕು, ಬ್ಯಾಟರಿಗೆ ಡಿಸಿ-ಡಿಸಿ ಚಾರ್ಜರ್ (ಆಲ್ಟರ್ನೇಟರಿನ ವೋಲ್ಟೇಜನ್ನು ಚಾರ್ಜಿಗೆ ಬೇಕಾದಷ್ಟಕ್ಕೆ ಏರಿಸಿ ಕೊಡುವ ಸಾಧನ) ಬೇಕು. ಎಂಜಿನ್ ಬಿಸಿಯಾದ ಮೇಲೆ ವೋಲ್ಟೇಜ್ ಇಳಿಸಿಬಿಡುವ ಸ್ಮಾರ್ಟ್ ಆಲ್ಟರ್ನೇಟರ್ ಇರುವ ಹೊಸ ಗಾಡಿಗಳಲ್ಲಂತೂ ಬರೀ ರಿಲೇಯಿಂದ ಕೆಲಸ ಆಗುವುದಿಲ್ಲ.

ದುರಸ್ತಿ ಮುಗಿದ ಮೇಲೆ ಬ್ಯಾಟರಿ ತುಂಬಿದ್ದಾಗಿನ ಅಂಕಿ ಒಂದನ್ನೇ ನಂಬಿ ಕೂರಬಾರದು. ರಾತ್ರಿಯಿಡೀ ಚಾರ್ಜರ್ ಇಲ್ಲದೆ ಓಡಿಸಿ, ಬೆಳಿಗ್ಗೆ ಬಿಸಿಲು ಪ್ಯಾನೆಲ್ಲಿಗೆ ಬೀಳುವ ಮೊದಲೇ, ಕಂಪ್ರೆಸರ್ ಓಡುತ್ತಿರುವಾಗ ಎರಡೂ ತುದಿಯಲ್ಲಿ ಮತ್ತೊಮ್ಮೆ ಅಳೆಯಬೇಕು. ಅಂತರ 0.3ರೊಳಗೆ ಇದ್ದು ಬ್ಯಾಟರಿ ಕಂಬದಲ್ಲಿ 12ಕ್ಕಿಂತ ಮೇಲಿದ್ದರೆ ಹಿಂದಿನ ಮುಚ್ಚಳ ಹಾಕಿ ಸ್ಕ್ರೂ ಬಿಗಿಯಬಹುದು. ಸುಮಾರು ಒಂದು ಸಾವಿರ ಕಿಲೋಮೀಟರ್ ಓಡಿದ ಮೇಲೆ ಲಗ್ಗುಗಳ ನಟ್ಟನ್ನು ಸ್ಪ್ಯಾನರಿನಿಂದ ಇನ್ನೊಮ್ಮೆ ನೋಡಿ, ಹೊಸ ಜೋಡಣೆಗಳು ಮೊದಲ ಅಲುಗಾಟದಲ್ಲೇ ಸಡಿಲಗೊಳ್ಳುವುದು ಹೆಚ್ಚು.